ಹಣ್ಣು ಆರಿಸುವವರು

ಸಂಕ್ರಾಂತಿ ಕಳೆದರೂ ಕೊಟ್ಟೂರಿನ ತಳ್ಳುಗಾಡಿಗಳ ಮೇಲೆ ಬಾರಿಹಣ್ಣು, ಕೆಲವರು ಎಲಚಿ ಎನ್ನುವುದು, ಇನ್ನೂ ಉಳಿದಿದೆ. ನಿನ್ನೆ ಬಸ್‌ಸ್ಟ್ಯಾಂಡಿನ ಮುಂದೆ ಹೋಗುವಾಗ ಆ ವಾಸನೆ ಮೂಗಿಗೆ ಬಡಿಯಿತು. ಮಾಗಿದ ಬಾರಿಹಣ್ಣಿನ ವಾಸನೆ ನಿಮಗೂ ಗೊತ್ತಿರಬಹುದು; ಬೆಲ್ಲಕ್ಕೆ ಸ್ವಲ್ಪ ಹುಳಿ ಹತ್ತಿದ ಹಾಗಿರುತ್ತದೆ. ನನ್ನ ಹಲ್ಲುಗಳ ಯೋಗ್ಯತೆ ನನಗೆ ಗೊತ್ತಿದ್ದರೂ ಗಾಡಿಯ ಮುಂದೆ ನಿಂತೆ. ನಿಂತದ್ದು ತಿನ್ನುವ ಆಸೆಗಲ್ಲ, ನಮ್ಮ ಓಣಿಯ ಗಂಗಕ್ಕನ ಮನೆಯ ಪಡಸಾಲೆ ಕಣ್ಣ ಮುಂದೆ ಬಂದದ್ದಕ್ಕೆ.

ನಮ್ಮ ಕಡೆ ಕೂಸಿನ ಮೊದಲ ಸಂಕ್ರಾಂತಿಗೆ ಹಣ್ಣು ಎರೆಯುತ್ತೇವೆ. ಕೂಸಿಗೆ ಹೊಸ ಅಂಗಿ ತೊಡಿಸಿ ಮಣೆಯ ಮೇಲೆ ಕೂರಿಸುವುದು. ಬಾರಿಹಣ್ಣು, ಕಬ್ಬಿನ ತುಂಡು, ಮಂಡಕ್ಕಿ, ಕುಸುರೆಳ್ಳು ಎಲ್ಲ ಕಲೆಸಿ ಸೇರಿನಲ್ಲಿ ತುಂಬಿ ಅದರ ತಲೆಯ ಮೇಲೆ ಸುರಿಯುವುದು. ಅಷ್ಟಕ್ಕೇ ಮುಗಿಯುವುದಿಲ್ಲ. ಕೆಳಗೆ ಬಿದ್ದದ್ದನ್ನು ಓಣಿಯ ಮಕ್ಕಳು ಮುಗಿಬಿದ್ದು ಆರಿಸಿ ತಿನ್ನಬೇಕು. ಕೂಸಿಗೆ ತಾಗಿದ ದೃಷ್ಟಿಯೆಲ್ಲ ಆ ಹಣ್ಣಿಗೆ ಇಳಿದಿರುತ್ತದೆ, ಅಷ್ಟೊಂದು ಬಾಯಿಗೆ ಹಂಚಿಹೋದರೆ ಅದು ಯಾರಿಗೂ ನಾಟುವುದಿಲ್ಲ ಎನ್ನುವುದು ನಮ್ಮ ಓಣಿಯ ಹೆಂಗಸರ ಲೆಕ್ಕ. ಪೊರಕೆ ಮುಟ್ಟಿಸುವ ಹಾಗಿಲ್ಲ. ಹಣ್ಣು ಎರೆಸಿಕೊಂಡ ಕೂಸಂತೂ ಅದನ್ನು ಬಾಯಿಗಿಡಲೇಬಾರದು.

ನಾನು ಆರಿಸುವುದರಲ್ಲಿ ದೊಡ್ಡ ಹೆಸರು ಮಾಡಿದವಳು. ಲಂಗವನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸೇರು ಬೋರಲಾಗುವ ಮೊದಲೇ ಮಣೆಯ ಕೆಳಗೆ ಕೈಯಿಟ್ಟು ಕಾಯುತ್ತಿದ್ದೆ. ತಲೆಗೆ ತಲೆ ಢೀ ಹೊಡೆದು ಹಣೆಯಲ್ಲಿ ಬುಗುಟೆ ಏಳುತ್ತಿತ್ತು. ಮಣೆಯ ಮೇಲಿನ ಕೂಸು ನಮ್ಮ ಗದ್ದಲಕ್ಕೆ ಹೆದರಿ ಕಿರುಚುತ್ತಿತ್ತು, ಅದರ ಅಳು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಆಗ ಓಣಿಯಲ್ಲಿ ಕಾಲಿಟ್ಟಲ್ಲಿ ಮಕ್ಕಳು. ಯಾರ ಮನೆಯ ಮಗು ಯಾರ ಮನೆಯಲ್ಲಿ ಉಂಡಿತು ಎಂದು ಕೇಳುವವರಿರಲಿಲ್ಲ. ಒಮ್ಮೆ ನಮ್ಮವ್ವ ರಾತ್ರಿ ಎಲ್ಲರಿಗೂ ಕೌದಿ ಹೊದಿಸುತ್ತ ಬಂದವಳು, ಕೊನೆಯ ಮುಖ ನೋಡಿ, "ಇದು ಯಾರದಲೇ?" ಎಂದಿದ್ದಳು. ಪಕ್ಕದ ಮನೆಯ ಹುಡುಗ ನಮ್ಮ ಸಾಲಿನಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದ.

ಹಾಗೆಂದು ಅದು ಸುಖದ ಕಾಲವೆಂದು ನಿಮ್ಮನ್ನು ನಂಬಿಸಲಾರೆ. ಹೊಸದಾಗಿ ಪರಿಚಯವಾದ ಹೆಂಗಸರು ಆಗ ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಒಂದೇ ಮಾತು: "ಎಷ್ಟು ಹಡದಿ? ಎಷ್ಟು ಉಳದಾವ?" ಎರಡಕ್ಕೂ ಬೇರೆ ಬೇರೆ ಉತ್ತರವಿರುತ್ತಿತ್ತು. ಊರಾಚೆಯ ರುದ್ರಭೂಮಿಯಲ್ಲಿ ಬೇವಿನ ಮರದ ಬುಡದ ಸಣ್ಣ ಸಣ್ಣ ಗುಡ್ಡೆಗಳಲ್ಲಿ ಪ್ರತಿ ಮನೆಯದೂ ಒಂದಾದರೂ ಇತ್ತು. ಅಲ್ಲಿ ಗಂಗಕ್ಕನ ಚೊಚ್ಚಲ ಮಗನೂ ಇದ್ದಾನೆ. ಅವನಿಗೆ ಹಣ್ಣೆರೆದ ವರ್ಷ ಓಣಿಯ ಮಕ್ಕಳಿಗೆಲ್ಲ ದಡಾರ ಎದ್ದಿತ್ತು. ಆರಿಸಲು ಯಾರೂ ಬರಲಿಲ್ಲ. ಬೇಸಿಗೆ ಕಾಲಿಡುವ ಮೊದಲೇ ಅವನೂ ದಡಾರದಲ್ಲಿ ಹೋದ. ಹೋದದ್ದು ದಡಾರಕ್ಕೆ ಎಂದು ನಾವೆಲ್ಲ ಹೇಳಿದೆವು. ಹಣ್ಣು ನೆಲದ ಮೇಲೇ ಉಳಿದದ್ದಕ್ಕೆ ಎಂದು ಗಂಗಕ್ಕ ತಿಳಿದಳು. ಅವಳ ಕೂದಲೆಲ್ಲ ಬೆಳ್ಳಗಾದರೂ ಆ ತಿಳಿವಳಿಕೆ ಬದಲಾಗಲಿಲ್ಲ.

ಈ ವರ್ಷ ಅವಳ ಮನೆಯಲ್ಲಿ ಮೊಮ್ಮಗಳ ಮೊದಲ ಸಂಕ್ರಾಂತಿ. ತಡವಾಗಿ ಮದುವೆಯಾದ ಕಿರಿಯ ಮಗನಿಗೆ ತಡವಾಗಿ ಹುಟ್ಟಿದ ಕೂಸು. ನಮ್ಮ ಓಣಿಯಲ್ಲಿ ಈಗ ಅಂಬೆಗಾಲಿಡುವುದು ಅದೊಂದೇ. ಹಬ್ಬದ ಹಿಂದಿನ ದಿನ ಗಂಗಕ್ಕ ನನ್ನನ್ನು ಜೊತೆಗೆ ಕರೆದುಕೊಂಡು ಮಕ್ಕಳನ್ನು ಕರೆಯಲು ಹೊರಟಳು. ಎಷ್ಟೋ ಮನೆಗಳ ಮುಂದೆ ಅವಳು ನಿಲ್ಲಲೇ ಇಲ್ಲ, ಅಲ್ಲಿದ್ದವರೆಲ್ಲ ನಮ್ಮಂಥ ವಯಸ್ಸಾದವರೇ. ನಿಂತ ಮನೆಗಳಲ್ಲಿ ಒಂದೊಂದು ನೆಪ. ಒಂದು ಮಗುವಿಗೆ ನೆಗಡಿ. ಒಂದು ಹರಪನಹಳ್ಳಿಯ ಅಜ್ಜಿಯ ಮನೆಗೆ ಹೋಗಿತ್ತು. ಕೊನೆಗೆ ಮೂಲೆಮನೆಯ ಶೋಭಾ ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿದಳು.

"ತಪ್ಪು ತಿಳ್ಕಬ್ಯಾಡ್ರಿ ಅತ್ತಿ. ನಮಗ ಇರಾದು ಒಂದ. ಇನ್ನೊಂದು ಕೂಸಿನ ದೃಷ್ಟಿ ಹಣ್ಣು ಅದಕ್ಕ ಹೆಂಗ ತಿನಿಸ್ಲಿ?"

ಅವಳ ಹಿಂದೆ ಬಾಗಿಲ ಸಂದಿಯಿಂದ ಅವಳ ಮಗ ನಮ್ಮನ್ನೇ ನೋಡುತ್ತಿದ್ದ. ನನಗೆ ರೇಗಿತು. ಗಂಗಕ್ಕನಿಗೆ ರೇಗಲಿಲ್ಲ. ದಾರಿಯಲ್ಲಿ ಅವಳೇ ನನ್ನನ್ನು ಸಮಾಧಾನ ಮಾಡಿದಳು. "ಆಕೀದೇನು ತಪ್ಪೈತಿ ತಂಗಿ? ಆವಾಗ ನಮ್ಮಲ್ಲಿ ಹಿಂಡುಗಟ್ಟಲೆ ಇದ್ವು, ಕಳಸತಿದ್ವಿ. ಒಂದಾ ಇದ್ದಿದ್ರ ನಾನಾದ್ರೂ ಕಳಸ್ತಿದ್ನೇನು?"

ಈಗಿನ ಮಕ್ಕಳು ಸಾಯುವುದಿಲ್ಲ, ದೇವರು ದೊಡ್ಡವನು. ಸೂಜಿ ಹಾಕುತ್ತಾರೆ, ಕೂಡ್ಲಿಗಿಗೋ ದಾವಣಗೆರೆಗೋ ಓಡುತ್ತಾರೆ, ಉಳಿಸಿಕೊಳ್ಳುತ್ತಾರೆ. ಹುಟ್ಟಿದ್ದು ಉಳಿಯುತ್ತದೆ ಎಂಬ ಧೈರ್ಯಕ್ಕೇ ಜನ ಒಂದಕ್ಕೋ ಎರಡಕ್ಕೋ ನಿಲ್ಲಿಸಿದರು. ನಾನೂ ಒಂದಕ್ಕೇ ನಿಲ್ಲಿಸಿದವಳು. ಇದರಲ್ಲಿ ಯಾರನ್ನು ಬೈಯಬೇಕು? ಬೈಯಲು ಯಾರೂ ಸಿಗದ ದುಃಖವನ್ನು ಇಟ್ಟುಕೊಳ್ಳುವುದು ಬಹಳ ಕಷ್ಟ.

ಬೈಪಾಸಿನ ಬಳಿ ಕಟ್ಟಡ ಕೆಲಸದವರ ಗುಡಿಸಲುಗಳಿವೆ, ಅಲ್ಲಿ ಮಕ್ಕಳಿದ್ದಾವೆ, ಕರೆಯೋಣವೇ ಎಂದು ಕೇಳಿದೆ. ಗಂಗಕ್ಕ ನಡುದಾರಿಯಲ್ಲಿ ನಿಂತುಬಿಟ್ಟಳು. "ನಮ್ಮೋರು ಒಲ್ಲೆ ಅಂದಿದ್ದನ್ನ ಬಡವ್ರ ಕೂಸಿನ ಬಾಯಾಗ ಹಾಕಬೇಕೇನು? ಬ್ಯಾಡವ್ವ" ಎಂದಳು.

ಮರುದಿನ ಹಡಗಲಿ ಮಲ್ಲಿಗೆ ಮುಡಿದು ನಾವು ಒಂದಷ್ಟು ಹೆಂಗಸರು ಪಡಸಾಲೆಯಲ್ಲಿ ಸೇರಿದೆವು. ಗಂಗಕ್ಕ ಸೇರು ಬೋರಲು ಹಾಕಿದಳು. ಹಣ್ಣು ಟಪಟಪ ಬಿದ್ದು, ಉರುಳಿ, ಗೋಡೆ ಮುಟ್ಟಿ ನಿಂತವು. ಆಮೇಲೆ ಸದ್ದೇ ಇಲ್ಲ. ಆ ಪಡಸಾಲೆಯಲ್ಲಿ ಹಣ್ಣು ಉರುಳುವ ಸದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸೊಸೆ ಮೊಬೈಲಿನಲ್ಲಿ ಫೋಟೋ ತೆಗೆದಳು. ಕೂಸು ಅಳಲಿಲ್ಲ. ಅಕ್ಕಪಕ್ಕ ನೋಡಿ, ಮಣೆಯಿಂದ ಮೆಲ್ಲಗೆ ಇಳಿದು, ಒಂದು ಹಣ್ಣು ಹೆಕ್ಕಿ ಬಾಯಿಗಿಡಲು ಹೋಯಿತು. ಅಲ್ಲಿದ್ದ ಮಗು ಅದೊಂದೇ ತಾನೇ, ಮತ್ತೆ ಯಾರು ಆರಿಸಬೇಕು?

ಗಂಗಕ್ಕ ಚೀರಿ, ಹಣ್ಣು ಕಿತ್ತುಕೊಂಡಳು. ಆಗ ಕೂಸು ಅತ್ತಿತು.

"ಅತ್ತಿ, ಇಂಜೆಕ್ಷನ್ ಎಲ್ಲಾ ಹಾಕಿಸೇವಲ್ರಿ, ಏನೂ ಆಗಂಗಿಲ್ಲ ಸುಮ್ಕಿರ್ರಿ" ಎಂದು ಸೊಸೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಬಂದವರು ಎಳ್ಳುಬೆಲ್ಲ ತಿಂದು, ಕುಂಕುಮ ಹಚ್ಚಿಸಿಕೊಂಡು ಒಬ್ಬೊಬ್ಬರಾಗಿ ಎದ್ದರು. ಎಲ್ಲರೂ ಹೋದ ಮೇಲೆ ಗಂಗಕ್ಕ ಗೋಡೆ ಹಿಡಿದು ನಿಧಾನವಾಗಿ ನೆಲಕ್ಕೆ ಕೂತಳು. ಒಂದು ಹಣ್ಣು ಆರಿಸಿದಳು, ಸೆರಗಿಗೆ ಒರೆಸಿದಳು, ಬಾಯಿಗೆ ಹಾಕಿಕೊಂಡಳು. ಮತ್ತೊಂದು.

"ಇದೇನು ಮಾಡಾಕತ್ತಿ ಗಂಗಕ್ಕ?"

"ಯಾರಾದ್ರೂ ತಿನ್ನಬೇಕಲ್ಲ. ಬಂದಿದ್ದು ನನಗ ಬರ್ಲಿ ತಗಿ, ನಾನು ಉಂಡು ಉಟ್ಟಾಕಿ."

ನಾನೂ ಬಗ್ಗಿ ಒಂದು ಹಣ್ಣಿಗೆ ಕೈ ಹಾಕಿದೆ. ಅವಳು ನನ್ನ ಮುಂಗೈ ಹಿಡಿದುಕೊಂಡಳು. "ನೀ ಬ್ಯಾಡ. ನಿನಗಿನ್ನಾ ಮೊಮ್ಮಕ್ಳು ಬರಬೇಕು."

ದಾವಣಗೆರೆಯಲ್ಲಿರುವ ನನ್ನ ಮಗಳೂ ಅಳಿಯನೂ ಮಕ್ಕಳೇ ಬೇಡವೆಂದು ತೀರ್ಮಾನ ಮಾಡಿದ್ದಾರೆ. ಮಗಳು ಹೇಳಿ ವರ್ಷ ಕಳೆದಿತ್ತು. ನಾನು ಓಣಿಯಲ್ಲಿ ಯಾರಿಗೂ ಬಾಯಿಬಿಟ್ಟಿರಲಿಲ್ಲ, ಪ್ರತಿ ಸಲ ಫೋನಿನಲ್ಲಿ "ಏನಾದರೂ ವಿಶೇಷ?" ಎಂದು ಕೇಳುವುದನ್ನೂ ಬಿಟ್ಟಿರಲಿಲ್ಲ.

"ಬರಂಗಿಲ್ಲ ಬಿಡು ಗಂಗಕ್ಕ" ಎಂದೆ.

ಅವಳು ನನ್ನ ಮುಖ ನೋಡಿದಳು. ಯಾಕೆಂದು ಕೇಳಲಿಲ್ಲ. ಕೈ ಬಿಟ್ಟು, ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಹಂಗಾದ್ರ ಕುಂದ್ರು."

ಕೂತೆ. ಪಡಸಾಲೆಯ ಹಣ್ಣು ಖಾಲಿಯಾಗುವವರೆಗೂ ಇಬ್ಬರೂ ಆರಿಸಿ ತಿಂದೆವು. ಅಂದಿನಿಂದ ಮಗಳಿಗೆ ಆ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ. ಅವಳಿಗೂ ಅದು ಗೊತ್ತಾದ ಹಾಗಿದೆ. ಈಚೆಗೆ ಫೋನಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತಾಳೆ.