ಒರೆಸಿದ ಹಣೆ

ಸ್ಟುಡಿಯೊ ಮಾವನ ಬಲಗೈಯ ಮೂರು ಬೆರಳ ತುದಿ ಯಾವಾಗಲೂ ಬೆಳ್ಳಗಿರುತ್ತಿತ್ತು. ಫೋಟೊ ತೊಳೆಯುವ ಔಷಧಿಯೇನೋ ಎಂದು ಹೊಸಬರು ಅಂದುಕೊಳ್ಳುತ್ತಿದ್ದರು. ಅದು ವಿಭೂತಿ.

ದಾವಣಗೆರೆಯ ಕೆ.ಬಿ. ಬಡಾವಣೆಯ ಮಹಡಿಯೊಂದರ ಮೇಲೆ ಅವರದು ಒಂದೇ ಕೋಣೆಯ ಸ್ಟುಡಿಯೊ. ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವರು. "ನಂದೂ ದಿನಾ ಫಾರಿನ್ನೇ ಕಣ್ರಪ್ಪ, ಹೊಳೀ ದಂಡಿ ಬಿಟ್ ಬರ್ಬೇಕು" ಎಂದು, ಪರದೇಶಕ್ಕೆ ಹೊರಟು ಫೋಟೊಗೆ ಬಂದವರೆದುರು ನಗುವರು. ನನಗೆ ಅವರು ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ಆದರೂ ಸಾರಥಿ, ಕೊಂಡಜ್ಜಿ ಕಡೆಯ ನಮ್ಮ ಹಳ್ಳಿ ಹುಡುಗರಿಗೆಲ್ಲ ಮಾವನೇ.

ನಮ್ಮ ಕಡೆ ಫೋಟೊ ಎಂದರೆ ಹಬ್ಬ. ಪಾಸ್‌ಪೋರ್ಟ್ ಫೋಟೊಕ್ಕೂ ತಲೆಗೆ ಎರೆದುಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದು ಕೂರುತ್ತಿದ್ದೆವು. ದೀಪದ ಬೆಳಕಿಗೆ ಹಣೆಯೊಂದೇ ಸುಣ್ಣದ ಗೋಡೆಯಂತೆ ಕಂಡು ಮುಖ ಮಂಕಾಗುತ್ತಿತ್ತು. ಅದಕ್ಕೇ ಮಾವ ಒದ್ದೆ ಬಟ್ಟೆಯಿಂದ ಹಣೆ ಒರೆಸುವರು. ಫೋಟೊ ಆದ ಕೂಡಲೇ ತಮ್ಮದೇ ಡಬ್ಬಿ ತೆಗೆದು ಮೂರು ಗೆರೆ ಎಳೆಯುವರು. ಟೋಪಿ, ರುಮಾಲು ತೆಗೆಸಿದವರಿಗೂ ಅಷ್ಟೇ, ತಾವೇ ಮತ್ತೆ ತೊಡಿಸುವರು. ಬೋಳು ಹಣೆಯಲ್ಲಿ ನಮ್ಮನ್ನು ಆ ಮೆಟ್ಟಿಲು ಇಳಿಯಲು ಬಿಟ್ಟವರೇ ಅಲ್ಲ.

"ಮನೀಗೆ ಹೋಗಿ ಹಚ್ಕೊಂತೀನಿ ಬಿಡ್ರಿ" ಎಂದಿದ್ದೆ, ಮೊದಲ ಸಲ.

"ಒರೆಸ್ದೋನು ನಾನು. ಹಚ್ಚೋದೂ ನನ್ ಕೆಲ್ಸ. ಕುಂದ್ರು ಸುಮ್ನೆ."

ನಾನು ಹೊರಟಿದ್ದು ನ್ಯೂಜಿಲೆಂಡಿಗೆ, ಡೈರಿಯಲ್ಲಿ ಹಾಲು ಕರೆಯುವ ಕೆಲಸಕ್ಕೆ. "ಎಮ್ಮೆ ಮೈ ತೊಳೀ ಅಂದ್ರೆ ಅಳ್ತಿದ್ದಿ, ಈಗ ಅಲ್ಲೋಗಿ ದನ ಕಾಯ್ತೀಯೇನೋ ಅಳಿಯಾ?" ಎಂದು ಕಾಲೆಳೆದರು. ಹೋಗಬೇಡ ಎನ್ನಲಿಲ್ಲ. "ಪಾಸ್‌ಪೋರ್ಟು ಹೋಗಾಕಷ್ಟೇ ಅಲ್ಲ, ಬರಾಕೂ ಐತೆ" ಎಂದರು, ಅಷ್ಟೇ.

ಹನ್ನೊಂದು ವರ್ಷದ ಮೇಲೆ ಅಲ್ಲಿಯ ಪೌರತ್ವ ಸಿಗುವಂತಾಯಿತು. ಪಡೆದರೆ ನಮ್ಮ ದೇಶದ ಪಾಸ್‌ಪೋರ್ಟು ಹಿಂದಿರುಗಿಸಬೇಕು. ಅರ್ಜಿಯ ಫೋಟೊ ಅಲ್ಲೇ ತೆಗೆಸಬಹುದಿತ್ತು. ಯಾಕೋ, ರಜೆಗೆ ಬಂದಾಗ ಮಾವನಲ್ಲಿಗೇ ಹೋದೆ.

ವಿಷಯ ಹೇಳಿದೆ. ರೂಢಿಯಂತೆ ಒದ್ದೆ ಬಟ್ಟೆ ತಂದು ಹಣೆ ಒರೆಸಿದರು. ಬಟ್ಟೆಗೆ ಏನೂ ಹತ್ತಲಿಲ್ಲ. ಹಚ್ಚಿಕೊಳ್ಳುವುದನ್ನು ನಾನು ಬಿಟ್ಟು ಎಷ್ಟೋ ಕಾಲವಾಗಿತ್ತು. ನನಗೆ ನಾಚಿಕೆಯಾಯಿತು. ಫೋಟೊ ತೆಗೆದು, ಡಬ್ಬಿಗೆ ಬೆರಳದ್ದಿ, ಅವರು ಹಾಗೇ ನಿಂತರು.

"ಹಚ್ಲೇನಪ್ಪಾ?"

ಅವರು ಎಂದೂ ಕೇಳಿದವರಲ್ಲ. ಪರ ಊರಿನವನನ್ನು ಕೇಳಿದ ಹಾಗೆ ಕೇಳಿದರು.

"ಕೇಳ್ತೀರೇನ್ರಿ ಮಾವ? ಹಚ್ರಿ" ಎಂದೆ.

ಅರ್ಜಿ ಹಾಕಲಿಲ್ಲ. ಮೂರು ಗೆರೆಗೋಸ್ಕರ ಒಂದು ದೇಶ ಬಿಟ್ಟ ಭೂಪ ಎಂದು ಹೆಂಡತಿ ಇವತ್ತಿಗೂ ರೇಗಿಸುತ್ತಾಳೆ. ನಾನು ಬಿಡಲಾರದೇ ಹೋದದ್ದು ಕೇಳದೇ ಹಚ್ಚುವ ಅವರ ಸಲಿಗೆಯನ್ನು.

ಈ ಸಲ ರಜೆಗೆ ಬಂದು ಪಾಸ್‌ಪೋರ್ಟ್ ನವೀಕರಣದ ಫೋಟೊಗೆ ಹೋದಾಗ ಮಾವ ತೀರಿಕೊಂಡು ಆರು ತಿಂಗಳಾಗಿತ್ತು. ಕ್ಯಾಮೆರಾ ಹಿಂದೆ ಅವರ ಮಗಳಿದ್ದಳು. ನಾನು ಮನೆಯಿಂದಲೇ ವಿಭೂತಿ ಬಳಿದುಕೊಂಡು ಹೋಗಿದ್ದೆ.

"ಒರೆಸ್ಕೋಬ್ಯಾಡ್ರಿ ಅಣ್ಣಾ, ಈಗಿನ ಲೈಟಿಗೆ ಏನೂ ಆಗಲ್ಲ" ಎಂದಳು. ಅಷ್ಟರಲ್ಲಿ ನಾನೇ ಒರೆಸಿಕೊಂಡಾಗಿತ್ತು.

ಫೋಟೊಗಳನ್ನು ಕವರಿಗೆ ಹಾಕಿ ಕೊಟ್ಟಳು. ನಾನು ಸ್ಟೂಲಿನಿಂದ ಏಳಲಿಲ್ಲ.

"ಇನ್ನೇನಾರ ಬೇಕಿತ್ತೇನಣ್ಣಾ?"

ಏನೂ ಇಲ್ಲ ಎಂದೆ. ಬೋಳು ಹಣೆಯಲ್ಲೇ ಮೆಟ್ಟಿಲು ಇಳಿದೆ.