ಕೌಸಲ್ಯಾಬಾಯಿ ಪ್ರೊಸೆಸರ್ ಬದಲಿಸಿದ ಶನಿವಾರ

ಔರಾದಿನ ಒಂದು ಖಾಸಗಿ ಕಾಲೇಜಿನಲ್ಲಿ ಕೌಸಲ್ಯಾಬಾಯಿ ಹತ್ತೊಂಬತ್ತು ವರ್ಷದಿಂದ ಅಟೆಂಡರ್. ಚಿಂತಾಕಿಯಿಂದ ದಿನಾ ಬಸ್ಸಿಗೆ ಬರುತ್ತಾಳೆ. ಕಲಿತದ್ದು ಎಂಟನೆಯ ಇಯತ್ತೆ. ಮೊದಲು ಕಸ ಹೊಡೆಯುವುದು, ನೀರು ತುಂಬುವುದು, ಗಂಟೆ ಬಾರಿಸುವುದು ಆಕೆಯ ಕೆಲಸವಾಗಿತ್ತು. ಕಂಪ್ಯೂಟರ್ ಲ್ಯಾಬ್ ಆದಮೇಲೆ ಅಲ್ಲಿ ಧೂಳು ಕೂಡಬಾರದೆಂದು ಅದರ ಕೀಲಿಕೈಯನ್ನೂ ಆಕೆಗೇ ಕೊಟ್ಟರು. ಬೀದರದಿಂದ ರಿಪೇರಿಯವರು ಬಂದಾಗ ಟಾರ್ಚ್ ಹಿಡಿದು ನಿಲ್ಲುವವಳೂ ಆಕೆಯೇ. ಹಾಗೆ ನಿಂತು ನಿಂತು ಯಾವ ಭಾಗ ಎಲ್ಲಿ ಕೂಡುತ್ತದೆ, ಯಾವುದನ್ನು ಮೊದಲು ಬಿಚ್ಚಬೇಕು ಎಂಬುದೆಲ್ಲ ಆಕೆಯ ಕಣ್ಣಿಗೆ ಬಾಯಿಪಾಠವಾಗಿತ್ತು. ಆದರೆ ತಾನಾಗಿ ಒಂದು ಸ್ಕ್ರೂ ತಿರುಗಿಸಿದವಳಲ್ಲ.

ಕಳೆದ ಜೂನ್‌ನಲ್ಲಿ ಇತಿಹಾಸ ಕಲಿಸಲು ಹಬೀಬ ಸರ್ ಬಂದರು. ಬೀದರ ಹಳೇ ಊರಿನವರು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಒತ್ತಿದ ಅಕ್ಷರವನ್ನೂ ಪರದೆಯ ಮೇಲಿದ್ದುದನ್ನೂ ಓದಿ ಹೇಳುವ ಸಾಫ್ಟ್‌ವೇರ್ ಒಂದನ್ನು ಲ್ಯಾಬಿನ ಮೂಲೆಯ ಕಂಪ್ಯೂಟರಿಗೆ ಹಾಕಿಸಿಕೊಂಡು, ಹೆಡ್‌ಫೋನ್ ಇಟ್ಟುಕೊಂಡು ಪಾಠದ ನೋಟ್ಸ್ ಬರೆಯುತ್ತಿದ್ದರು. ಕಂಪ್ಯೂಟರ್ ಮಾತ್ರ ಬಹಳ ನಿಧಾನ. ಒಂದು ಅಕ್ಷರ ಒತ್ತಿ, ದನಿ ಬರುವತನಕ ಬೆರಳು ಎತ್ತಿ ಹಿಡಿದು ಕೂಡಬೇಕಿತ್ತು.

ಒಂದು ದಿನ ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. "ಕೌಸಲ್ಯಾಬಾಯಿ, ಒಂದು ಪುಟ ಬರಿಲಾಕ ಪೂರಾ ಮಧ್ಯಾಹ್ನ ಹೋಗ್ತದ ನೋಡ್ರಿ. ಇನ್ನ ನೋಟ್ಸ್ ಮಾಡೋದೇ ಬಿಟ್ಟುಬಿಡ್ತೇನಿ."

ಅವರು ಸಿಟ್ಟಿನಿಂದ ಹೇಳಿದ್ದರೆ ಆಕೆಗೆ ಅಷ್ಟು ಅನಿಸುತ್ತಿರಲಿಲ್ಲ. ಸೋತವರ ಹಾಗೆ ಮೆಲ್ಲಗೆ ಹೇಳಿದರು.

ಅದೇ ತಿಂಗಳು ಸಿಡಿಲು ಬಿದ್ದು ಆಫೀಸಿನ ಕಂಪ್ಯೂಟರ್ ಕೆಟ್ಟಿತ್ತು. ನೋಡಲು ಬಂದ ರಿಪೇರಿಯವನು, "ಮದರ್‌ಬೋರ್ಡ್ ಸುಟ್ಟದ, ಪ್ರೊಸೆಸರ್ ಚಲೋ ಅದ," ಎಂದು ಹೇಳಿ ಹೋಗಿದ್ದ. ಆ ಮಾತು ಆಕೆಯ ತಲೆಯಲ್ಲಿ ಕೂತಿತ್ತು. ಆಫೀಸಿನ ಪ್ರೊಸೆಸರ್ ಮೂಲೆಯ ಕಂಪ್ಯೂಟರಿನದಕ್ಕಿಂತ ಬಹಳ ಚುರುಕಿನದು. ಆಕೆ ಕಂಪ್ಯೂಟರ್ ಕಲಿಸುವ ಶೈಲಶ್ರೀ ಮೇಡಂ ಹತ್ತಿರ ಹೋಗಿ ಕೇಳಿದಳು.

"ಮೇಡಂ, ಅದನ್ನ ತೆಗೆದು ಇದಕ್ಕ ಹಾಕಿದರ ಕೂಡ್ತದೇನ್ರಿ?"

ಶೈಲಶ್ರೀ ಎರಡೂ ಬೋರ್ಡಿನ ನಂಬರು ಹೋಲಿಸಿ ನೋಡಿದರು. ಒಂದೇ ಕಂಪನಿಯವು, ಒಂದೇ ನಮೂನೆಯವು. "ಕೂಡ್ತದ. ಆದ್ರ ಹಾಕವರು ಯಾರು? ನಂಗ ಪ್ರೋಗ್ರಾಂ ಬರ್ತದ, ಸ್ಕ್ರೂಡ್ರೈವರ್ ಹಿಡಿಲಾಕ ಅಂಜಿಕಿ."

"ನಾ ಹಾಕ್ತೇನ್ರಿ."

ಇಬ್ಬರೂ ಹೋಗಿ ಪ್ರಿನ್ಸಿಪಾಲ ಶಿವರಾಜಪ್ಪನವರ ಒಪ್ಪಿಗೆ ಕೇಳಿದರು. "ಹಾಕ್ರಿ. ಕೆಟ್ಟರ ಮಾತ್ರ ಹಬೀಬರಿಗೆ ಇದ್ದದ್ದೂ ಹೋಗ್ತದ, ತಿಳೀರಿ," ಎಂದರು.

ಶನಿವಾರ ಕ್ಲಾಸು ಮುಗಿದ ಮೇಲೆ ಆಕೆ, ಶೈಲಶ್ರೀ, ಹಬೀಬ ಸರ್ ಮೂವರೂ ಲ್ಯಾಬಿನಲ್ಲಿ ಕೂಡಿದರು. ಈ ಸಲ ಟಾರ್ಚ್ ಹಿಡಿದವರು ಶೈಲಶ್ರೀ. ಕೌಸಲ್ಯಾಬಾಯಿ ಕೈ ತೊಳೆದು ಒರೆಸಿಕೊಂಡು, ಬಳೆ ತೆಗೆದಿಟ್ಟು, ಮೊದಲು ಕಂಪ್ಯೂಟರಿನ ಕಬ್ಬಿಣದ ಡಬ್ಬಿ ಮುಟ್ಟಿದಳು. ಮೈಯೊಳಗಿನ ಕರೆಂಟು ಇಳಿದು ಹೋಗಲಿ ಎಂದು ರಿಪೇರಿಯವರು ಹಾಗೆ ಮುಟ್ಟುವುದನ್ನು ನೋಡಿದ್ದಳು. ಆಫೀಸಿನ ಕಂಪ್ಯೂಟರಿನ ಫ್ಯಾನ್ ಬಿಚ್ಚಿ, ಕೆಳಗಿದ್ದ ಪ್ರೊಸೆಸರನ್ನು ಎರಡು ಬೆರಳಲ್ಲಿ ಅಂಚು ಹಿಡಿದು ಎತ್ತಿದಳು. ಒಂದು ದೊಡ್ಡ ಶಂಕರಪಾಳಿಯಷ್ಟು ಇತ್ತು. ಬಿಸಿಯನ್ನು ಫ್ಯಾನಿನ ಕಡೆ ದಾಟಿಸಲು ಮೇಲೆ ಹಚ್ಚಿ ಈಗ ಒಣಗಿದ್ದ ಪೇಸ್ಟನ್ನು ಸ್ಪಿರಿಟ್ ಹಚ್ಚಿದ ಅರಿವೆಯಿಂದ ಒರೆಸಿದಳು.

ಮೂಲೆಯ ಕಂಪ್ಯೂಟರಿನ ಹಳೆಯದನ್ನು ತೆಗೆದಾಗ ಅದರ ಕೆಳಗೆ ಕೂದಲೆಳೆಯಂಥ ಸಾವಿರ ಪಿನ್ನುಗಳು ಹೊಳೆದವು. ಒಂದು ಬಾಗಿದರೂ ಬೋರ್ಡೇ ಹೋಯಿತು. ಪ್ರೊಸೆಸರಿನ ಮೂಲೆಯಲ್ಲಿದ್ದ ಬಂಗಾರ ಬಣ್ಣದ ತ್ರಿಕೋನವನ್ನು ಬೋರ್ಡಿನ ಗುರುತಿಗೆ ಸರಿಹೊಂದಿಸಿ, ಒತ್ತದೆ, ಸುಮ್ಮನೆ ಇಟ್ಟು ಬಿಟ್ಟಳು. ಅದು ತಾನೇ ಕೂತಿತು. ಬಿಗಿಯುವ ತಂತಿಯ ಹಿಡಿಕೆ ಕೆಳಗೆಳೆದಾಗ ಕರಕರ ಸಪ್ಪಳ ಬಂತು. ಕೈ ಅಲ್ಲೇ ನಿಂತಿತು.

"ಮುರೀತೇನ್ರಿ ಮೇಡಂ?"

"ಇಲ್ಲ, ಹಂಗೇ ಸಪ್ಪಳ ಮಾಡ್ತದ. ಎಳೀರಿ."

ಹೊಸ ಪೇಸ್ಟು ಜೋಳದ ಕಾಳಿನಷ್ಟು ಹಾಕಿ, ಫ್ಯಾನ್ ಕೂಡಿಸಿ, ಎಲ್ಲ ವೈರು ಚುಚ್ಚಿದಳು. ಹಬೀಬ ಸರ್ ತಮ್ಮ ಕುರ್ಚಿಯಲ್ಲಿ ಕೂತು ಹೆಡ್‌ಫೋನ್ ಇಟ್ಟುಕೊಂಡರು. ಆಕೆ ಬಟನ್ ಒತ್ತಿದಳು.

ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

ಒಂದು ನಿಮಿಷ ಕಳೆಯಿತು. ಇದ್ದದ್ದನ್ನೂ ಹಾಳು ಮಾಡಿದೆ, ಕಣ್ಣಿಲ್ಲದವರ ಕೈಯಿಂದ ಕಸಿದುಕೊಂಡಂತಾಯಿತು ಎಂದು ಕೌಸಲ್ಯಾಬಾಯಿಗೆ ಅನಿಸಿತು. "ತಪ್ಪಾತ್ರಿ ಸರ್," ಎಂದಳು.

ಹಬೀಬ ಸರ್ ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದರು. ಆಮೇಲೆ ಆಕೆಯ ಕಡೆ ಮುಖ ತಿರುಗಿಸಿ, "ಯಾಕ ತಪ್ಪು? ಇದು ಮಾತಾಡ್ಲಾಕತ್ತದಲ್ರಿ," ಎಂದರು.

ಅವರು ಹೆಡ್‌ಫೋನಿನ ಒಂದು ಕಿವಿಯನ್ನು ಆಕೆಯ ಕಿವಿಗೆ ಹಿಡಿದರು. ಒಳಗೆ ಹೆಣ್ಣುದನಿಯೊಂದು ಪರದೆಯ ಮೇಲೆ ಏನೇನಿದೆ ಎಂದು ಸಾಲಾಗಿ ಓದುತ್ತಿತ್ತು. ಶೈಲಶ್ರೀ ಬಗ್ಗಿ ನೋಡಿದರೆ ಪರದೆಯ ವೈರು ಹಿಂದೆ ಅರ್ಧ ಹೊರಗೆ ಬಂದಿತ್ತು. ಒತ್ತಿದ ಕೂಡಲೇ ಬೆಳಕು ಬಂತು. ಕೌಸಲ್ಯಾಬಾಯಿ ಬೆಂಚಿನ ಮೇಲೆ ಕುಸಿದು ಕೂತು ನಕ್ಕಳು, ನಗುನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಹಬೀಬ ಸರ್ ಆಗಲೇ ಬರೆಯಲು ಹತ್ತಿದ್ದರು. ಬೆರಳು ನಿಲ್ಲಲಿಲ್ಲ. ಬಹಮನಿ ಸುಲ್ತಾನರು ರಾಜಧಾನಿಯನ್ನು ಬೀದರಕ್ಕೆ ತಂದ ಪಾಠ ಕಾಲು ತಾಸಿನಲ್ಲಿ ಒಂದು ಪುಟ ದಾಟಿತು.

ನಾಲ್ಕು ಗಂಟೆಗೆ ಆಕೆಗೆ ಊಟದ ಡಬ್ಬಿ ನೆನಪಾಯಿತು. ಗಟ್ಟಿಯಾಗಿದ್ದ ರೊಟ್ಟಿ, ಪುಂಡಿಪಲ್ಯ ಅಂದು ಬಹಳ ರುಚಿಯಾದವು. ಚಿಂತಾಕಿ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದ್ದೇ ತಡ, ನಿದ್ದೆ ಹತ್ತಿತು. ಊರು ಬಂದಾಗ ಕಂಡಕ್ಟರ್ ಎರಡು ಸಲ ಕೂಗಿ ಎಬ್ಬಿಸಬೇಕಾಯಿತು.