ಚೌಕಟ್ಟಿನಾಚೆ ಹೋದ ಪದ

ಅಪ್ಪನಿಗೆ ಮರೆವು ಶುರುವಾದ ಮೇಲೆ ನಾನೇ ಕೂತು ಮನೆಯ ಚಾವಡಿಯ ಗೋಡೆಗೆ ಒಂದು ಕನ್ನಡಿ ಮಾಡಿದೆ. ತಮ್ಮ ಗಲ್ಫಿನಿಂದ ತಂದಿದ್ದ ಹಳೆಯ ಟಿವಿ, ಅದರ ಮುಂದೆ ಹಿಂದಿನ ಬೆಳಕನ್ನು ಬಿಡುವ ಕನ್ನಡಿಯಂಥ ಗಾಜು, ಹಿಂದೆ ಅಂಗೈಯಗಲದ ಕಂಪ್ಯೂಟರ್. ಮುಖದ ಜೊತೆಗೆ ಬಿಳಿ ಅಕ್ಷರಗಳೂ ಕಾಣುತ್ತಿದ್ದವು: ವಾರ, ಗಂಟೆ, ‘ಅರ್ಧ ಮಾತ್ರೆ, ತಿಂಡಿಗೆ ಮೊದಲು’. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಡಾಕ್ಟರು ಅರ್ಧಕ್ಕೆ ಇಳಿಸಿದ್ದರು. ಇಡೀ ನುಂಗಿದರೆ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಬಹುದು ಎಂದಿದ್ದರು. ಆ ಹೆದರಿಕೆ ಅಂದಿನಿಂದ ನನ್ನ ಬೆನ್ನು ಬಿಟ್ಟಿರಲಿಲ್ಲ.

ಟಿವಿಯದ್ದು ಮಹಾ ಹಠ. ಕಂಪ್ಯೂಟರ್ ಕಳಿಸಿದ ಚಿತ್ರವನ್ನು ತಾನೇ ಹಿಗ್ಗಿಸಿ ಅಂಚನ್ನು ಚೌಕಟ್ಟಿನಾಚೆ ತಳ್ಳುತ್ತಿತ್ತು. ರೆಸೊಲ್ಯೂಶನ್ ಇಳಿಸಿದರೆ ಅಕ್ಷರ ಮಸುಕು, ಏರಿಸಿದರೆ ಇರುವೆ ಸಾಲು. ಕೊನೆಗೆ ಟಿವಿಯ ಮೆನುವಿನಲ್ಲೇ ಹಿಗ್ಗಿಸುವುದನ್ನು ನಿಲ್ಲಿಸಿದಾಗ ಸರಿಬಂತು. ನಾನು ಬೀಗಿದೆ. ಕರೆಂಟು ಹೋದರೆ ಆ ಟಿವಿಗೂ ಮರೆವು ಎಂದು ಯಾರಿಗೆ ಗೊತ್ತಿತ್ತು?

ಹೊಸ ವರ್ಷದ ಬಿಸು ಹಬ್ಬದ ಹಿಂದಿನ ಸಂಜೆ ಗುಡುಗಿಗೆ ಕರೆಂಟು ಹೋಗಿ ಬಂತು. ಕಣಿಗೆ, ಬಿಸುವಿನಂದು ಎದ್ದ ಕೂಡಲೇ ಮೊದಲು ನೋಡುವ ಮಂಗಳ ವಸ್ತುಗಳಿಗೆ, ಹೇಗೂ ಕನ್ನಡಿ ಬೇಕಲ್ಲ ಎಂದು ಅದರ ಕೆಳಗೇ ಅಕ್ಕಿ, ಸೌತೆಕಾಯಿ, ಅಡಿಕೆಯ ಹಿಂಗಾರ ಜೋಡಿಸಿದೆ. ಬೆಳಿಗ್ಗೆ ಅಪ್ಪನ ಕಣ್ಣು ಮುಚ್ಚಿ ಕರೆತಂದು ನಿಲ್ಲಿಸಿದೆ. ಕಣ್ಣು ಬಿಟ್ಟು ಕೈಮುಗಿದರು, ಕನ್ನಡಿ ನೋಡಿ ನಕ್ಕರು. ನಾನು ಸೀರೆ ಉಡಲು ಒಳಗೆ ಹೋದೆ. ದೇವರ ದರ್ಶನವಾಗದೆ ಬಿಸುವಿನಂದು ಅಪ್ಪ ಏನೂ ತಿನ್ನುವವರಲ್ಲ, ಹಾಗಾಗಿ ಮಾತ್ರೆಯೂ ದೇವಸ್ಥಾನದಿಂದ ಬಂದ ಮೇಲೆಯೇ ಎಂದುಕೊಂಡಿದ್ದೆ.

ಮಧೂರು ದೇವಸ್ಥಾನದ ಅಂಗಳದಲ್ಲಿ ಅಪ್ಪನ ಕೈ ಇದ್ದಕ್ಕಿದ್ದಂತೆ ತಣ್ಣಗಾಯಿತು. ಹಣೆಯ ತುಂಬ ಬೆವರು, ನಡುಗುವ ತುಟಿ.

“ಅಪ್ಪ, ಮಾತ್ರೆ ತೆಗೊಂಡಿರಾ?”

“ಹೌದು. ಒಂದು.”

“ಅರ್ಧ ಅಂತ ಉಂಟಲ್ಲಾ ಕನ್ನಡಿಯಲ್ಲಿ!”

“ಅರ್ಧ ಇಲ್ಲ. ಬರೀ ಮಾತ್ರೆ ಅಂತ ಉಂಟು,” ತೊದಲಿದರು. “ಬಿಸು ದಿನ ಮೊದಲು ಕಂಡದ್ದಲ್ವಾ ಮಾರಾಯ್ತಿ, ಸಂಶಯ ಪಡುವುದು ಹೇಗೆ?”

ಪ್ರಸಾದದ ಪಂಚಕಜ್ಜಾಯವನ್ನು, ವರ್ಷಗಟ್ಟಲೆ ಅವರಿಂದ ಬಚ್ಚಿಟ್ಟ ಅದೇ ಸಿಹಿಯನ್ನು, ಚೂರು ಚೂರಾಗಿ ಬಾಯಿಗಿಟ್ಟೆ. ಜಗಿಯಿರಿ, ನುಂಗಿ ಎಂದು ಗೋಗರೆದೆ. ಅವರ ಕಣ್ಣು ನನ್ನ ಮುಖ ಹುಡುಕಿ ನಿಲ್ಲುವವರೆಗೆ ಬಾಯಿಗಿಡುವುದನ್ನು ನಿಲ್ಲಿಸಲಿಲ್ಲ. ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆವು.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತೆ. ಎಡ ಅಂಚಿನಲ್ಲಿ ‘ಅರ್ಧ’ ಇರಲಿಲ್ಲ. ಕರೆಂಟು ಹೋಗಿ ಬಂದಾಗ ಟಿವಿ ಮತ್ತೆ ಚಿತ್ರ ಹಿಗ್ಗಿಸಲು ಶುರುಮಾಡಿತ್ತು. ಬೇರೆ ಟಿವಿಯಾದರೆ ತುಂಡಾದದ್ದು ಗೊತ್ತಾಗುತ್ತಿತ್ತು. ಇಲ್ಲಿ ಅಕ್ಷರವಿಲ್ಲದ ಕಪ್ಪು ಜಾಗವೆಲ್ಲ ಕನ್ನಡಿಯೇ. ಏನೂ ಕಳೆದುಹೋದಂತೆ ಕಾಣುವುದೇ ಇಲ್ಲ. ಕಳೆದ ಪದದ ಜಾಗದಲ್ಲಿ ನನ್ನ ಕಿವಿ, ಓಲೆ ಕಾಣುತ್ತಿದ್ದವು.

ಕನ್ನಡಿ ಈಗಿಲ್ಲ. ಮಾತ್ರೆಯನ್ನು ನಾನೇ ಮುರಿದು ಕೈಗಿಡುತ್ತೇನೆ. ಅಪ್ಪ ಅದನ್ನು ಅಂಗೈಯಲ್ಲಿ ಹೊರಳಿಸಿ, ದಿನಾ ಕೇಳುತ್ತಾರೆ:

“ಇಷ್ಟೇ ಹೌದಾ? ನನಗೆ ಕಾಣದ್ದು ಎಂತದಾದರೂ ಉಂಟಾ?”